‘ನೋಯಿಂಗ್’ ಎಂದದ್ದಕ್ಕೆ ನಕ್ಕವರು

ಮೇಜಿನ ಆಚೆ ಮೂವರು ಕುಳಿತಿದ್ದರು. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದ ವರ್ಷ ಕೆಲಸಕ್ಕೆಂದು ಹೋದ ಮೊದಲ ಸಂದರ್ಶನ ಅದು. ನಿಮ್ಮ ಜಿಲ್ಲೆಯ ರಾಜಕೀಯ ನಿಮಗೆಷ್ಟು ಗೊತ್ತು ಎಂದು ಒಬ್ಬರು ಇಂಗ್ಲಿಷಿನಲ್ಲಿ ಕೇಳಿದರು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಧೈರ್ಯ ತಂದುಕೊಂಡು ‘ಐ ಆ್ಯಮ್ ನೋಯಿಂಗ್...’ ಎಂದು ಆರಂಭಿಸಿದೆ. ವಾಕ್ಯ ಪೂರ್ತಿಯಾಗಲಿಲ್ಲ. ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಮೂರನೆಯವರು ಮಾತ್ರ ಫೈಲಿನಿಂದ ತಲೆ ಎತ್ತಲಿಲ್ಲ. ಅವರ ಆ ಉಪಕಾರವನ್ನು ಈಗಲೂ ನೆನೆಯುತ್ತೇನೆ. ಜಿಲ್ಲೆಯ ರಾಜಕೀಯದ ಬಗ್ಗೆ ಆಮೇಲೆ ಯಾರೂ ಏನೂ ಕೇಳಲಿಲ್ಲ.

ತಪ್ಪೇನು ಎಂದು ನನಗೆ ತಿಳಿದದ್ದು ಊರಿಗೆ ವಾಪಸಾಗುವ ಬಸ್ಸಿನಲ್ಲಿ. ‘ಐ ನೋ’ ಎನ್ನಬೇಕಿತ್ತು. ‘ನೋ’ ಎಂಬ ಕ್ರಿಯಾಪದಕ್ಕೆ ‘ಇಂಗ್’ ಹಚ್ಚಬಾರದು. ‘ಐ ಆ್ಯಮ್ ಹ್ಯಾವಿಂಗ್ ಟು ಬ್ರದರ್ಸ್’ ಎನ್ನಬಾರದು, ‘ಐ ಆ್ಯಮ್ ವಾಂಟಿಂಗ್’ ಎನ್ನಬಾರದು, ‘ಐ ಆ್ಯಮ್ ಅಂಡರ್‌ಸ್ಟ್ಯಾಂಡಿಂಗ್’ ಎಂದರೂ ಕಷ್ಟ. ಬೆಂಗಳೂರಿನ ಗಲ್ಲಿಗಲ್ಲಿಗಳಲ್ಲಿ ಬೋರ್ಡು ಹಾಕಿಕೊಂಡಿರುವ ‘ಸ್ಪೋಕನ್ ಇಂಗ್ಲಿಷ್’ ತರಗತಿಗಳಲ್ಲಿ ಮೊದಲ ವಾರವೇ ತಿದ್ದುವ ತಪ್ಪುಗಳಿವು. ಕಾಲ್ ಸೆಂಟರುಗಳ ತರಬೇತಿಯಲ್ಲಿ ಇಂಥವಕ್ಕೆಲ್ಲ ‘ಎಂಟಿಐ’ ಎಂಬ ಮೂರಕ್ಷರದ ಹೆಸರಿದೆ. ಮದರ್ ಟಂಗ್ ಇನ್‌ಫ್ಲುಯೆನ್ಸ್, ಅಂದರೆ ತಾಯ್ನುಡಿಯ ಪ್ರಭಾವ. ಯಾವುದೋ ಕಾಯಿಲೆಯ ಹೆಸರಿನಂತೆ ಅದನ್ನು ಉಚ್ಚರಿಸುತ್ತಾರೆ.

ಈ ‘ಬಾರದು’ಗಳು ಎಲ್ಲಿಂದ ಬಂದವು? ಇಂಗ್ಲಿಷ್ ಹುಟ್ಟಿದಂದಿನಿಂದಲೂ ಇದ್ದವೇ? ಹುಡುಕುತ್ತ ಹೋದಾಗ ಸಿಕ್ಕ ಕಥೆ ನಾನು ಎಣಿಸಿದ್ದಕ್ಕಿಂತ ಸ್ವಾರಸ್ಯವಾಗಿತ್ತು.

ಮೊದಲಿಗೆ, ನಾವು ಶಾಲೆಯಲ್ಲಿ ‘ಪ್ರೆಸೆಂಟ್ ಕಂಟಿನ್ಯುಯಸ್’ ಎಂದು ಉರು ಹೊಡೆದ ರೂಪವೇ ಇಂಗ್ಲಿಷಿನಲ್ಲಿ ತಡವಾಗಿ ಬೆಳೆದದ್ದು. ಸಾವಿರದ ನೂರು ವರ್ಷಗಳ ಹಿಂದೆ, ಆಲ್‌ಫ್ರೆಡ್ ದೊರೆಯ ಕಾಲದ ಹಳೆಯ ಇಂಗ್ಲಿಷಿನಲ್ಲಿ ಇದನ್ನು ಹೋಲುವ ಒಂದು ರೂಪವಿತ್ತು. ಆಗ ಕ್ರಿಯಾಪದದ ತುದಿಯಲ್ಲಿ ‘ಇಂಗ್’ ಇರಲಿಲ್ಲ, ‘ಎಂಡೆ’ ಎಂಬ ಪ್ರತ್ಯಯವಿತ್ತು. ಲ್ಯಾಟಿನ್ನಿನಿಂದ ಅನುವಾದವಾದ ಒರೋಸಿಯಸ್‌ನ ಚರಿತ್ರೆಯಲ್ಲಿ ಅದು ಧಾರಾಳವಾಗಿ ಕಾಣುತ್ತದೆ. ಆದರೆ ಈಗ ನಡೆಯುತ್ತಿರುವ ಕೆಲಸಕ್ಕೆ ಅದನ್ನೇ ಬಳಸಬೇಕೆಂಬ ಕಟ್ಟುಪಾಡು ಇರಲಿಲ್ಲ. ಮುಂದೆ ‘ಬೇಟೆಯ ಮೇಲಿದ್ದಾನೆ’ ಎಂಬರ್ಥದ ‘ಆನ್ ಹಂಟಿಂಗ್’ ಎಂಬ ಇನ್ನೊಂದು ರೂಪ ಜನರ ಬಾಯಲ್ಲಿ ಸವೆದು ‘ಎ-ಹಂಟಿಂಗ್’ ಆಯಿತು. ಆ ‘ಎ’ ಕೂಡ ಬಿದ್ದುಹೋಗಿ ‘ಹಂಟಿಂಗ್’ ಉಳಿಯಿತು. ಎರಡು ತೊರೆಗಳು ಕೂಡಿ ಒಂದು ಹೊಳೆಯಾದಂತೆ ಎನ್ನೋಣ. ಯಾವ ತೊರೆಯ ನೀರು ಎಷ್ಟು ಎಂಬ ಬಗ್ಗೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ.

ಷೇಕ್ಸ್‌ಪಿಯರ್‌ನ ಕಾಲಕ್ಕೂ, ಎಂದರೆ ಕ್ರಿ.ಶ. 1600ರ ಆಸುಪಾಸಿನಲ್ಲೂ, ಇದು ಇದ್ದರೂ ನಡೆಯುತ್ತಿತ್ತು, ಇಲ್ಲದಿದ್ದರೂ ನಡೆಯುತ್ತಿತ್ತು. ‘ಹ್ಯಾಮ್ಲೆಟ್’ ನಾಟಕದಲ್ಲಿ ಪುಸ್ತಕ ಹಿಡಿದು ಬರುವ ರಾಜಕುಮಾರನನ್ನು ಮುದಿ ಪೊಲೋನಿಯಸ್ ಏನು ಓದುತ್ತಿದ್ದೀರಿ ಎಂದು ಕೇಳುತ್ತಾನೆ. ಆತ ಬಳಸುವುದು ಸಾದಾ ವರ್ತಮಾನ ಕಾಲವನ್ನು. ಇವತ್ತು ನಮ್ಮ ಏಳನೇ ತರಗತಿಯ ಹುಡುಗ ಪರೀಕ್ಷೆಯಲ್ಲಿ ಹಾಗೆ ಬರೆದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಾರೆ. ‘ಇಂಗ್’ ರೂಪದ ಬಳಕೆ ಭರದಿಂದ ಏರಿದ್ದು ಆಮೇಲಿನ ಶತಮಾನಗಳಲ್ಲಿ, ಅದರಲ್ಲೂ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ.

ಹೊಸತಾಗಿ ಬಂದದ್ದು ಯಾವುದೂ ಬೈಗುಳ ತಿನ್ನದೆ ಮನೆಯೊಳಗೆ ಸೇರಿಲ್ಲ. ‘ಮನೆ ಕಟ್ಟಲಾಗುತ್ತಿದೆ’ ಎನ್ನಲು ಆಗಿನ ಇಂಗ್ಲಿಷರು ‘ದಿ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು. ಇವತ್ತು ಕೇಳಿದರೆ ಮನೆಯೇ ಮತ್ತೇನನ್ನೋ ಕಟ್ಟುತ್ತಿದೆ ಎನ್ನಿಸುತ್ತದೆ. ‘ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಎಂಬ ಕರ್ಮಣಿ ರೂಪ ಖಾಸಗಿ ಪತ್ರಗಳಲ್ಲಿ ಇಣುಕಿದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಕವಿ ರಾಬರ್ಟ್ ಸೌದಿ 1795ರಲ್ಲಿ ಗೆಳೆಯನಿಗೆ ಬರೆದ ಪತ್ರವೊಂದು ಇದಕ್ಕೆ ಪ್ರಸಿದ್ಧ ಉದಾಹರಣೆ. ಒರಟು ಕೈಯ ಕ್ಷೌರಿಕನಿಂದ ದವಡೆ ಹಲ್ಲು ಕೀಳಿಸಿಕೊಳ್ಳುತ್ತಿರುವವನ ಪಾಡಿಗೆ ಆತ ಅಲ್ಲಿ ಏನನ್ನೋ ಹೋಲಿಸುತ್ತಾನೆ. ಹಲ್ಲು ಕೀಳುವ ಕೆಲಸವಂತೂ ನಡೆಯುತ್ತಿರುವಾಗಲೇ ಗೊತ್ತಾಗಬೇಕಾದ್ದು. ಹೊಸ ರೂಪಕ್ಕೆ ಅದಕ್ಕಿಂತ ತಕ್ಕ ಸಂದರ್ಭ ಸಿಗುತ್ತಿರಲಿಲ್ಲವೇನೋ!

ಮುಕ್ಕಾಲು ಶತಮಾನ ಕಳೆದರೂ ವೈಯಾಕರಣರ ಸಿಟ್ಟು ಇಳಿದಿರಲಿಲ್ಲ. ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ ತನ್ನ 1870ರ ಪುಸ್ತಕದಲ್ಲಿ ಈ ಒಂದು ಪ್ರಯೋಗವನ್ನು ಖಂಡಿಸಲೆಂದೇ ಅಧ್ಯಾಯವೊಂದನ್ನು ಮೀಸಲಿಟ್ಟ. ಆತ ಭಾಷೆಗೆ ಅಪಚಾರವೆಂದು ಕಂಡ ರೂಪವನ್ನು ಇವತ್ತು ನಾವು ಶಾಲೆಯಲ್ಲಿ ‘ಪ್ಯಾಸಿವ್ ವಾಯ್ಸ್’ ಎಂದು ಐದು ಅಂಕಕ್ಕೆ ಬರೆಯುತ್ತೇವೆ.

ಇನ್ನು ‘ನೋ’, ‘ಲವ್’, ‘ಹ್ಯಾವ್’ಗಳ ವಿಷಯ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ (ಮುಂದೆ ಈತ ಲಂಡನ್ನಿನ ಬಿಷಪ್ ಆದ) ಇಂಗ್ಲಿಷಿಗೊಂದು ಕಿರು ವ್ಯಾಕರಣ ಬರೆದ. ಇಂಗ್ಲಿಷಿನ ಎಷ್ಟೋ ‘ಹೀಗನ್ನಬಾರದು’ಗಳಿಗೆ ಈತನೇ ಕಾರಣ ಎಂದು ದೂರುವವರಿದ್ದಾರೆ. ಕ್ರಿಯಾಪದದ ಕಾಲಗಳನ್ನು ವಿವರಿಸಲು ಲೌತ್ ಆರಿಸಿಕೊಂಡ ಮಾದರಿ ‘ಲವ್’. ಅದರ ‘ಇಂಗ್’ ರೂಪವನ್ನು, ಅಂದರೆ ‘ಈಗ ಪ್ರೀತಿಸುತ್ತಿದ್ದೇನೆ’ ಎಂಬುದನ್ನು, ಆತ ಯಾವ ಎಚ್ಚರಿಕೆಯ ಮಾತೂ ಇಲ್ಲದೆ ಪಟ್ಟಿಯಲ್ಲಿ ಕೊಟ್ಟಿದ್ದಾನೆ. ಜನ ಆಗ ಹಾಗೆ ಮಾತಾಡುತ್ತಿದ್ದರು ಎಂದು ಇದರಿಂದ ಹೇಳಿಬಿಡಲಾಗದು. ಲ್ಯಾಟಿನ್ ಪಾಠಗಳಲ್ಲಿ ‘ಅಮೊ’, ಎಂದರೆ ‘ಪ್ರೀತಿಸುತ್ತೇನೆ’, ಎಂಬುದೇ ಹಳೆಯ ಮಾದರಿ. ನಮ್ಮ ಸಂಸ್ಕೃತ ಪಾಠಶಾಲೆಯ ‘ರಾಮಃ ರಾಮೌ ರಾಮಾಃ’ ಇದ್ದಂತೆ. ಅದನ್ನೇ ಲೌತ್ ಇಂಗ್ಲಿಷಿಗೆ ತಂದಿರಬೇಕು. ಆದರೂ ಇಂಗ್ಲಿಷ್ ಶುದ್ಧಿಯ ದೊಡ್ಡ ಕಾವಲುಗಾರನಿಗೇ ಆ ರೂಪ ಕಣ್ಣಿಗೆ ಚುಚ್ಚಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ಹಾಗಾದರೆ ಕಣ್ಣಿಗೆ ಚುಚ್ಚಿದ್ದು ಯಾರಿಗೆ, ಯಾವಾಗ? ಕೆಲವು ಕ್ರಿಯಾಪದಗಳು ‘ಇಂಗ್’ಗೆ ಸುಲಭವಾಗಿ ಒಗ್ಗುವುದಿಲ್ಲ ಎಂಬುದನ್ನು ಹಳೆಯ ವೈಯಾಕರಣರೂ ಕಂಡಿದ್ದರು. ಆದರೆ ಇಂಗ್ಲಿಷ್ ಮನೆಯಲ್ಲಿ ಹುಟ್ಟಿದ ಮಗುವಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಪಟ್ಟಿ ಬೇಕಾದದ್ದು ಹೊರಗಿನವರಿಗೆ. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ತರುಣ 1924ರಲ್ಲಿ ಜಪಾನಿಗೆ ಮೇಷ್ಟ್ರಾಗಿ ಹೋದ. ಅಲ್ಲಿನ ವಿದ್ಯಾರ್ಥಿಗಳಿಗೆ ಎಲ್ಲಿ ತೊಡಕಾಗುತ್ತದೆ ಎಂದು ವರ್ಷಗಟ್ಟಲೆ ನೋಡಿ, ಸಂಗಡಿಗರೊಡನೆ ನಿಘಂಟೊಂದನ್ನು ರಚಿಸಿದ. 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ಅದನ್ನು ಯುದ್ಧ ಮುಗಿದ ಮೇಲೆ, 1948ರಲ್ಲಿ, ಆಕ್ಸ್‌ಫರ್ಡ್ ಮುದ್ರಣಾಲಯ ಪ್ರಕಟಿಸಿತು. ನಮ್ಮ ಕಾಲೇಜು ಹುಡುಗರು ಇವತ್ತಿಗೂ ಕೊಳ್ಳುವ ಆಕ್ಸ್‌ಫರ್ಡ್ ಕಲಿಕಾ ನಿಘಂಟಿನ ಮೂಲ ಅದೇ. 1954ರಲ್ಲಿ ಹಾರ್ನ್‌ಬಿ ಬರೆದ ಪ್ರಯೋಗ ಕೈಪಿಡಿಯಲ್ಲಿ ‘ಇಂಗ್’ಗೆ ಒಗ್ಗದ ಕ್ರಿಯಾಪದಗಳ ಚರ್ಚೆಯಿದೆ.

1960ರಲ್ಲಿ ಎ. ಜೆ. ಥಾಮ್ಸನ್ ಮತ್ತು ಎ. ವಿ. ಮಾರ್ಟಿನೆಟ್ ಎಂಬ ಇಬ್ಬರು ಮಹಿಳೆಯರು ಪರದೇಶದ ವಿದ್ಯಾರ್ಥಿಗಳಿಗಾಗಿ ಬರೆದ ವ್ಯಾಕರಣ ಹೊರಬಂತು. ‘ಸಾಮಾನ್ಯವಾಗಿ ಕಂಟಿನ್ಯುಯಸ್ ಕಾಲದಲ್ಲಿ ಬಳಸದ ಕ್ರಿಯಾಪದಗಳು’ ಎಂಬ ತಲೆಬರಹದ ಕೆಳಗೆ ಅದರಲ್ಲಿ ದೊಡ್ಡ ಪಟ್ಟಿಯೇ ಇದೆ. ಇಂದ್ರಿಯಗಳಿಗೆ ಸೇರಿದವು, ಭಾವನೆಯವು, ಬುದ್ಧಿಯವು, ಒಡೆತನದವು ಎಂದು ವಿಂಗಡಿಸಿದ್ದಾರೆ. ಲೌತ್ ಮಾದರಿಯಾಗಿ ಇಟ್ಟುಕೊಂಡ ‘ಲವ್’ ಇನ್ನೂರು ವರ್ಷಗಳ ನಂತರ ಇಲ್ಲಿ ಬಾರದವರ ಸಾಲಿನಲ್ಲಿ ನಿಂತಿದೆ. ನಮ್ಮಲ್ಲಿ ಮನೆಮಾತಾದ ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಪರಿಷ್ಕೃತ ಆವೃತ್ತಿಗಳಲ್ಲೂ ಇಂಥದೇ ಪಟ್ಟಿ ಉಂಟು. ಹೊರಗಿನವರ ಅನುಕೂಲಕ್ಕೆಂದು ಹಾಕಿದ ಕೈಮರ ಬರಬರುತ್ತ ಟೋಲ್ ಗೇಟ್ ಆದದ್ದು ಹೀಗೆ. ತಲೆಬರಹದಲ್ಲಿದ್ದ ‘ಸಾಮಾನ್ಯವಾಗಿ’ ಎಂಬ ಮಾತು ಗೇಟಿನಲ್ಲಿ ನಿಂತವರ ಕಿವಿಗೆ ಬೀಳುವುದಿಲ್ಲ.

ಪಟ್ಟಿಯ ಹಿಂದೊಂದು ತತ್ವ ಇಲ್ಲವೆಂದಲ್ಲ. ಇದೆ, ಅದೂ ಬಹಳ ಹಳೆಯದು. ಗ್ರೀಸಿನ ಅರಿಸ್ಟಾಟಲ್ ತನ್ನ ‘ಮೆಟಾಫಿಸಿಕ್ಸ್’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಇದನ್ನು ಎತ್ತಿದ್ದಾನೆ. ನೋಡುವವನು ಆ ಕ್ಷಣದಲ್ಲೇ ನೋಡಿಯೂ ಆಗಿರುತ್ತದೆ; ಮನೆ ಕಟ್ಟುವವನು ಕಟ್ಟುತ್ತಿರುವ ಕ್ಷಣದಲ್ಲಿ ಕಟ್ಟಿ ಆಗಿರುವುದಿಲ್ಲ. 1957ರಲ್ಲಿ ಝೀನೊ ವೆಂಡ್ಲರ್ ಎಂಬ ತತ್ವಶಾಸ್ತ್ರಜ್ಞ ಇದೇ ದಾರಿಯಲ್ಲಿ ಇಂಗ್ಲಿಷ್ ಕ್ರಿಯಾಪದಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಅವುಗಳಲ್ಲೊಂದು ‘ಸ್ಥಿತಿ’. ಓಡುವುದಕ್ಕೆ ಆರಂಭವುಂಟು, ನಡು ಉಂಟು, ಈ ಗಳಿಗೆಯಲ್ಲಿ ಅದು ನಡೆಯುತ್ತಿದೆ ಎನ್ನಬಹುದು. ತಿಳಿದಿರುವುದಕ್ಕೆ ನಡು ಎಲ್ಲಿ? ತಿಳಿದಿದೆ, ಇಲ್ಲವೇ ತಿಳಿದಿಲ್ಲ. ನಿದ್ದೆ ಹೋದಾಗಲೂ ನನಗೆ ನನ್ನ ಊರಿನ ಹೆಸರು ಗೊತ್ತು; ಆದರೆ ಆಗ ನಾನು ಏನನ್ನೂ ‘ಮಾಡುತ್ತಿಲ್ಲ’.

ಇಲ್ಲಿಯವರೆಗೆ ಸರಿ. ತೊಡಕಿರುವುದು ಯಾವುದು ಸ್ಥಿತಿ, ಯಾವುದು ಕೆಲಸ ಎಂದು ಗೆರೆ ಎಳೆಯುವಲ್ಲಿ. ಇಂಗ್ಲಿಷೇ ಆ ಗೆರೆಯನ್ನು ದಿನಕ್ಕೆ ಹತ್ತು ಸಲ ದಾಟುತ್ತದೆ. ‘ಹ್ಯಾವ್’ ಒಡೆತನವನ್ನು ಹೇಳಿದಾಗ ‘ಇಂಗ್’ ಕೂಡದು. ಊಟ ಮಾಡುವುದನ್ನು ಹೇಳಿದಾಗ ‘ಹ್ಯಾವಿಂಗ್ ಲಂಚ್’ ಸರಿ. ಕಣ್ಣಿಗೆ ಕಾಣುವ ‘ಸೀ’ಗೆ ‘ಇಂಗ್’ ಇಲ್ಲ. ಡಾಕ್ಟರನ್ನು ಕಾಣುವ ‘ಸೀ’ಗೆ ಉಂಟು. ಎಲ್ಲಕ್ಕಿಂತ ಚೆಲುವಾದದ್ದು ‘ಬಿ’ ಕ್ರಿಯಾಪದದ್ದು. ‘ಹಿ ಈಸ್ ಫೂಲಿಷ್’ ಎಂದರೆ ಆತ ದಡ್ಡ, ಹುಟ್ಟಾ ದಡ್ಡ. ‘ಹಿ ಈಸ್ ಬೀಯಿಂಗ್ ಫೂಲಿಷ್’ ಎಂದರೆ ಈ ಹೊತ್ತು ದಡ್ಡನ ಹಾಗೆ ಆಡುತ್ತಿದ್ದಾನೆ, ನಾಳೆ ಸರಿಹೋದಾನು. ಒಂದು ‘ಇಂಗ್’ನಿಂದ ಮನುಷ್ಯನಿಗೆ ಎಷ್ಟೊಂದು ರಿಯಾಯಿತಿ! ಈ ಪ್ರಯೋಗವೂ ಹೊಸದೇ. ಕವಿ ಕೀಟ್ಸ್ 1819ರ ಪತ್ರವೊಂದರಲ್ಲಿ ತಾನು ಈಗ ಶ್ರದ್ಧೆಯಿಂದಿದ್ದೇನೆ ಎನ್ನಲು ಇದನ್ನು ಬಳಸಿದ್ದು ಅದರ ಮೊದಮೊದಲ ಉದಾಹರಣೆಗಳಲ್ಲಿ ಒಂದು.

ಈಗ ಕನ್ನಡದ ಕಡೆ ತಿರುಗಿ ನೋಡೋಣ. ‘ಮಾಡುತ್ತಿದ್ದೇನೆ’ ಎಂಬುದು ‘ಮಾಡುತ್ತ’ ಮತ್ತು ‘ಇದ್ದೇನೆ’ ಸೇರಿ ಆದದ್ದು. ಅಂದರೆ ಇಂಗ್ಲಿಷಿನ ‘ಆ್ಯಮ್’ ಮತ್ತು ‘ಡೂಯಿಂಗ್’ ಇದ್ದಂತೆಯೇ. ಹಾಗೆಂದು ಎಲ್ಲ ಮಾತಿಗೂ ನಾವು ‘ತ್ತಾ ಇದೆ’ ಅಂಟಿಸುತ್ತೇವೆಯೇ? ಗೊತ್ತು, ಬೇಕು, ಸಾಕು, ಇಷ್ಟ, ಉಂಟು, ಬಲ್ಲೆ, ಒಲ್ಲೆ - ಇವುಗಳಲ್ಲಿ ಒಂದಕ್ಕೂ ಆ ಬಾಲವನ್ನು ನೇರವಾಗಿ ಅಂಟಿಸಿ ನೋಡಿ. ಅಂಟುವುದಿಲ್ಲ! ಯಾವ ಮೇಷ್ಟ್ರೂ ನಮಗೆ ಹೇಳಿಕೊಡದ, ಆದರೆ ಮೂರು ವರ್ಷದ ಮಗುವೂ ತಪ್ಪದ ಪಟ್ಟಿ ನಮ್ಮದು. ತಿಳಿವು, ಬಯಕೆ, ಒಡೆತನ ಎಂದು ಇಂಗ್ಲಿಷಿನ ಪಟ್ಟಿಯಲ್ಲಿರುವವೇ ಇಲ್ಲೂ ಇವೆ.

ಬೇಕೆಂದಾಗ ಸ್ಥಿತಿಯನ್ನು ನಡೆಯುವಂತೆ ಮಾಡಲು ನಮ್ಮಲ್ಲಿ ‘ಆಗು’ ಎಂಬ ಕೀಲಿಕೈ ಇದೆ. ‘ಗೊತ್ತು’ ಸ್ಥಿತಿ, ‘ಗೊತ್ತಾಗ್ತಾ ಇದೆ’ ಎಂದರೆ ಅರಿವು ಈಗ ಮೂಡುತ್ತಿದೆ. ‘ಇಷ್ಟ’ ಸ್ಥಿತಿ, ‘ಇಷ್ಟವಾಗ್ತಾ ಇದೆ’ ಎಂದರೆ ಮನಸ್ಸು ಒಲಿಯುತ್ತಿದೆ. ಹ್ಯಾಂಬರ್ಗರ್ ಮಾರುವ ಮೆಕ್‌ಡೊನಾಲ್ಡ್ಸ್ ಕಂಪೆನಿ 2003ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹೊಸ ಘೋಷವಾಕ್ಯವೊಂದನ್ನು ಬಿಡುಗಡೆ ಮಾಡಿತಲ್ಲ, ‘ಲವ್’ಗೆ ‘ಇಂಗ್’ ಹಚ್ಚಿದ್ದು? ಅದರ ತಿರುಳು ನಮ್ಮ ‘ಇಷ್ಟವಾಗ್ತಾ ಇದೆ’ಗೆ ಬಹಳ ಹತ್ತಿರ. ತುತ್ತು ಬಾಯಲ್ಲಿರುವ ಆ ಗಳಿಗೆಯ ಸುಖ ಅದು. ನಮ್ಮ ನಗರದ ರಸ್ತೆಗಳಲ್ಲೂ ಆ ಫಲಕ ಕಂಡಿದ್ದೇವೆ. ಅದನ್ನು ಓದಿ ಯಾರೂ ನಕ್ಕದ್ದು ನನಗೆ ಗೊತ್ತಿಲ್ಲ. ಅದೇ ರೂಪ ಹಳ್ಳಿಯಿಂದ ಬಂದ ಹುಡುಗಿಯ ಬಾಯಲ್ಲಿ ಬಂದರೆ ಅದು ಎಂಟಿಐ.

ಇಷ್ಟಾದರೂ ನಾನು ‘ನೋಯಿಂಗ್’ ಎಂದೆನಲ್ಲ, ಅದು ಕನ್ನಡದಿಂದ ಬಂತೇ? ಕನ್ನಡದಲ್ಲಿ ‘ಗೊತ್ತು’ ಎನ್ನುವವನು ಇಂಗ್ಲಿಷಿನಲ್ಲಿ ಸೀದಾ ‘ನೋ’ ಎನ್ನಬೇಕಿತ್ತು! ಹಿಂದಿಯವರಿಗಾದರೆ ಒಂದು ನೆಪವಿದೆ. ‘ಮೈ ಜಾನ್‌ತಾ ಹೂಂ’ ಎಂಬುದರ ಕೊನೆಯ ‘ಹೂಂ’ ಇಂಗ್ಲಿಷಿನ ‘ಆ್ಯಮ್’ಗೆ ಸಮ. ನಮ್ಮಲ್ಲಿಯೂ ‘ನನಗೆ ತಿಳಿದಿದೆ’, ‘ಇಬ್ಬರು ತಮ್ಮಂದಿರಿದ್ದಾರೆ’ ಎನ್ನುವಾಗ ಒಂದು ‘ಇರು’ ಬಂದು ಕೂರುತ್ತದೆ. ಆ ‘ಇರು’ವೇ ಇಂಗ್ಲಿಷಿಗೆ ಹೋಗುವಾಗ ‘ಆ್ಯಮ್’ ಆಗಿ, ಬಾಲಕ್ಕೆ ‘ಇಂಗ್’ ಅನ್ನು ಎಳೆದುಕೊಂಡು ಹೋಗುತ್ತದೆ ಎಂಬುದು ನನ್ನ ಊಹೆ. ಇನ್ನು ಕಣ್ಣು ಕಿವಿಗಳ ಮಾತಿನಲ್ಲಂತೂ ಕನ್ನಡದ ಗೆರೆಯೇ ಬೇರೆ ಕಡೆ ಇದೆ. ‘ಕಾಣಿಸ್ತಾ ಇದೆ’, ‘ಕೇಳಿಸ್ತಾ ಇದೆ’ ಎಂಬುವು ನಮಗೆ ನಡೆಯುತ್ತಿರುವ ಸಂಗತಿಗಳು. ಇಂಗ್ಲಿಷಿಗೆ ಅವು ಸ್ಥಿತಿ.

ಶಾಲೆಯ ಪಾಲೂ ಇದರಲ್ಲಿ ಉಂಟೆಂದು ತೋರುತ್ತದೆ. ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರು ಬಾಗಿಲ ಬಳಿ ಹೋಗಿ ‘ಐ ಆ್ಯಮ್ ಓಪನಿಂಗ್ ದಿ ಡೋರ್’ ಎನ್ನುತ್ತ ತೆಗೆಯುತ್ತಿದ್ದರು. ನಲವತ್ತು ಮಕ್ಕಳು ಒಕ್ಕೊರಲಿನಿಂದ ಅದನ್ನೇ ಕೂಗುತ್ತಿದ್ದೆವು. ಕಣ್ಣೆದುರು ಮಾಡಿ ತೋರಿಸಬಹುದಾದ ಕಾಲ ಅದೊಂದೇ ಆದ್ದರಿಂದ ಅದನ್ನೇ ಹೆಚ್ಚು ಹೆಚ್ಚು ಕಲಿಸುತ್ತಿದ್ದರು. ‘ಗೊತ್ತು’ ಎಂಬುದನ್ನು ಬಾಗಿಲು ತೆಗೆದು ತೋರಿಸುವುದು ಹೇಗೆ? ವಾಕ್ಯದ ಅಚ್ಚುಗಳನ್ನು ಹೀಗೆ ಉರು ಹೊಡೆಸುವ ಕ್ರಮಕ್ಕೆ ಬದಲಿಯಾಗಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಪ್ರಯೋಗ ನಡೆಸಿದರು. ಹೊರದೇಶಗಳಲ್ಲಿ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ನಮ್ಮೂರಿನ ಬಾಗಿಲಿನವರೆಗೆ ಮಾತ್ರ ಅದು ಬರಲಿಲ್ಲ.

ಈ ‘ತಪ್ಪು’ ನಮ್ಮದೊಂದೇ ಎಂದುಕೊಳ್ಳಬೇಡಿ. ಸ್ಕಾಟ್ಲೆಂಡಿನಲ್ಲಿ ‘ವಾಂಟಿಂಗ್’ ಎಂದು ಚಹಾ ಕೇಳುವವರಿದ್ದಾರೆ. ಐರ್ಲೆಂಡಿನಲ್ಲಿ ‘ಬಿಲಾಂಗ್’ ಎಂಬುದಕ್ಕೂ ‘ಇಂಗ್’ ಹಚ್ಚುತ್ತಾರೆ. ಇಂಗ್ಲೆಂಡಿನ ಮಗ್ಗುಲಲ್ಲೇ ಇರುವ ವೇಲ್ಸಿನ ಭಾಷೆಯಲ್ಲಿ ‘ನನಗೆ ಗೊತ್ತು’ ಎನ್ನುವ ಸಹಜ ವಾಕ್ಯವನ್ನು ಪದಕ್ಕೆ ಪದ ಇಂಗ್ಲಿಷಿಗೆ ತಂದರೆ ಹೆಚ್ಚುಕಡಿಮೆ ‘ಐ ಆ್ಯಮ್ ನೋಯಿಂಗ್’ ಎಂದೇ ಆಗುತ್ತದೆ. ಲಂಡನ್ನಿನಿಂದ ರೈಲು ಹತ್ತಿದರೆ ಕೆಲವೇ ತಾಸಿನ ದಾರಿ.

ಆದರೂ ನಗೆಗೆ ಗುರಿಯಾದವರು ಹೆಚ್ಚಾಗಿ ನಾವೇ. ಇಂಗ್ಲಿಷ್ ಕಲಿತ ಭಾರತೀಯನನ್ನು ಹಾಸ್ಯದ ಪಾತ್ರ ಮಾಡುವುದು ಬ್ರಿಟಿಷರ ಕಾಲದ ಚಾಳಿ. 1897ರಲ್ಲಿ ಪುಸ್ತಕವಾಗಿ ಬಂದ ಎಫ್. ಆ್ಯನ್‌ಸ್ಟಿಯ ‘ಬಾಬು ಜಬ್ಬರ್‌ಜಿ, ಬಿ.ಎ.’ ಅಂಥದು. ಸ್ವಾತಂತ್ರ್ಯ ಬಂದ ಮೇಲೆ ಆ ಕೆಲಸವನ್ನು ನಾವೇ ವಹಿಸಿಕೊಂಡೆವು. ಮುಂಬೈನ ಕವಿ ನಿಸ್ಸಿಮ್ ಎಜೆಕಿಯಲ್ ಅವರ 1976ರ ಸಂಕಲನದಲ್ಲಿ ಮಿಸ್ ಪುಷ್ಪಾ ಎಂಬಾಕೆಯ ಬೀಳ್ಕೊಡುಗೆಯ ಭಾಷಣದಂತಿರುವ ಕವಿತೆಯಿದೆ. ನಗು ಹುಟ್ಟುವುದು ಬಹುಪಾಲು ‘ಇಂಗ್’ಗಳ ಸುರಿಮಳೆಯಿಂದಲೇ. ಡಿಪ್ಲೊಮಾ ತರಗತಿಯಲ್ಲಿ ಅದನ್ನು ಓದಿದಾಗ ಎಲ್ಲರೂ ನಕ್ಕೆವು; ನಾನೂ ನಕ್ಕೆ. ಆ ಸಂದರ್ಶನದ ಮೇಲೆ ಮತ್ತೊಮ್ಮೆ ಓದಿದಾಗ ಭಾಷಣಕಾರನ ಮೇಲೆ ಅಕ್ಕರೆ ಹುಟ್ಟಿತು. ಕವಿಗೂ ಆ ಅಕ್ಕರೆ ಇದ್ದಿತೆಂದೇ ನನ್ನ ನಂಬಿಕೆ.

ಪಂಡಿತರ ನಡುವೆಯೂ ಈ ವ್ಯಾಜ್ಯ ನಡೆದಿದೆ. 1990ರಲ್ಲಿ ಬ್ರಿಟನ್ನಿನ ದೊಡ್ಡ ವೈಯಾಕರಣ ರ್‍ಯಾಂಡಲ್ಫ್ ಕ್ವರ್ಕ್, ಇಂಗ್ಲಿಷ್ ಮನೆಮಾತಲ್ಲದ ದೇಶಗಳಲ್ಲಿ ಕಲಿಸಬೇಕಾದದ್ದು ಶಿಷ್ಟ ಇಂಗ್ಲಿಷನ್ನೇ ಎಂದು ‘ಇಂಗ್ಲಿಷ್ ಟುಡೆ’ ಪತ್ರಿಕೆಯಲ್ಲಿ ಬರೆದರು. ಶ್ರೀನಗರದಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಬ್ರಜ್ ಕಚ್ರು 1991ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಭಾರತದಂಥ ಕಡೆ ಇಂಗ್ಲಿಷಿಗೆ ತನ್ನದೇ ನಡೆ ಬಂದಿದೆ, ಅದನ್ನು ದೋಷವೆಂದು ಎಣಿಸುವುದು ವಾಸ್ತವಕ್ಕೆ ಕಣ್ಣು ಮುಚ್ಚಿದಂತೆ ಎಂಬುದು ಅವರ ವಾದ. ನನಗೆ ಇಬ್ಬರ ಮಾತೂ ಅರ್ಧರ್ಧ ಹಿಡಿಸುತ್ತದೆ. ಕಚ್ರು ಅವರ ಲೇಖನವನ್ನು ಸಂದರ್ಶನಕ್ಕೆ ಒಯ್ದು ಮೇಜಿನ ಮೇಲಿಟ್ಟರೆ ಕೆಲಸ ಸಿಗುವುದಿಲ್ಲ, ಅದು ಗೊತ್ತು. ಆದ್ದರಿಂದಲೇ ನನ್ನ ತಂಗಿಗೆ ಆ ಪಟ್ಟಿಯನ್ನು ನಾನೇ ಕೂತು ಬಾಯಿಪಾಠ ಮಾಡಿಸುತ್ತೇನೆ.

ಆಕೆ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ, ಕ್ಯಾಂಪಸ್ ಸಂದರ್ಶನ ಹತ್ತಿರ ಬಂದಿದೆ. ಹೋದ ಭಾನುವಾರ ‘ಹಿಯರ್’ ಬಂತು. “ಇದಕ್ಕೂ ಇಂಗ್ ಇಲ್ಲ” ಎಂದೆ.

“ಹಾಗಾದ್ರೆ ಫೋನಲ್ಲಿ ಕೇಳಿಸ್ತಾ ಇಲ್ಲ ಅಂತ ಹೆಂಗೆ ಹೇಳೋದಣ್ಣ?”

“ಐ ಕಾಂಟ್ ಹಿಯರ್ ಯು ಅನ್ನು.”

ಅವಳು ಒಂದು ಗಳಿಗೆ ಯೋಚಿಸಿದಳು. “ಅದು ನಿನ್ನ ಮಾತು ಕೇಳೋಕೆ ನನ್ನ ಕೈಲಿ ಆಗಲ್ಲ ಅಂದ ಹಾಗಾಯ್ತಲ್ವಾ? ತಪ್ಪು ನಂದಲ್ಲ, ನೆಟ್‌ವರ್ಕಿಂದು.”

ಪಟ್ಟಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮುಂದಿನ ಪದಕ್ಕೆ ಹೋದೆವು.